ಕಂಪನಿ ತೂಗುವ ತಕ್ಕಡಿ

ನನ್ನ ಗಂಡ ತಕ್ಕಡಿ ರಿಪೇರಿ ಮಾಡುತ್ತಿದ್ದರು. ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅತ್ತದ್ದೆಲ್ಲ ಮನೆಯೊಳಗೇ ಇರಲಿ. ಅವರು ಬೀದಿಯನ್ನು ನಗಿಸಿದ್ದನ್ನು ಬರೆಯುತ್ತೇನೆ. ಅದನ್ನು ಕಣ್ಣಾರೆ ಕಂಡವರು ಇನ್ನೂ ಇಲ್ಲೇ ಇದ್ದಾರೆ. ನಾನು ಹೆಚ್ಚು ಕಡಿಮೆ ಬರೆದರೆ ಬಾಗಿಲಿಗೇ ಬಂದು ಕೇಳುತ್ತಾರೆ.

ನಮ್ಮದು ಗಿಡ್ಡ ಬೀದಿ. ಒಂದು ತುದಿಗೆ ಬೇಕರಿ, ಇನ್ನೊಂದು ತುದಿಗೆ ಬಸ್ ನಿಲ್ಲುವ ಜಾಗ, ನಡುವೆ ನಮ್ಮ ಅಂಗಡಿ. ಅಂಗಡಿಯ ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಕೋಣೆಯ ಮಂಚದಲ್ಲಿ ಮಲಗಿದರೆ ಬಾಗಿಲಿನಿಂದ ಅಂಗಡಿ ಕಾಣುತ್ತದೆ. ಎದುರಿಗೆ ಕನ್ನಡಕದಂಗಡಿ. ಅದರ ಮಾಲೀಕರನ್ನು ಎಲ್ಲರೂ ಕನ್ನಡಕದಣ್ಣ ಅನ್ನುತ್ತಾರೆ. ನಮ್ಮವರನ್ನು ತಕ್ಕಡಿಯಣ್ಣ ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಹಳೆ ಪೇಪರ್ ಗೋದಾಮಿನಲ್ಲಿ. ನಾನಲ್ಲಿ ಬಂಡಲು ಕಟ್ಟುತ್ತಿದ್ದೆ. ನೆಲದ ಮೇಲಿಡುವ ದೊಡ್ಡ ತಕ್ಕಡಿ ಕೆಟ್ಟಿತ್ತು. ಅವರು ಬಂದು ಬಿಚ್ಚಿದರು, ಎಣ್ಣೆ ಬಿಟ್ಟರು, ಜೋಡಿಸಿದರು. "ಸ್ವಲ್ಪ ಹತ್ತಿ ನಿಲ್ಲಿ" ಅಂದರು. ನಿಂತೆ, ಇಳಿದೆ. "ಇನ್ನೊಂದ್ಸಲ." ಹೀಗೆ ಐದು ಸಲ ಹತ್ತಿಸಿದರು.

"ಕೆಟ್ಟಿರೋದು ತಕ್ಕಡಿನಾ, ನೀವಾ?" ಅಂದೆ.

"ತಕ್ಕಡಿ ಮೊದಲನೇ ಸಲಕ್ಕೇ ಸರಿಹೋಯ್ತು."

ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. ಅಷ್ಟಕ್ಕೇ ನಾನು ಒಪ್ಪಿಬಿಟ್ಟೆ. ಮದುವೆಯಾದ ಮೇಲೆ ಯಾರಾದರೂ ನನ್ನ ಬಗ್ಗೆ ಕೇಳಿದರೆ, "ಐದು ಸಲ ತೂಗಿ ತಂದಿದೀನಿ, ಮೋಸ ಹೋಗಿಲ್ಲ" ಅನ್ನುತ್ತಿದ್ದರು.

ಅವರಿಗೆ ಶಾಂತ ಸ್ವಭಾವ. ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಕೆಲವು ಅಂಗಡಿಯವರು ತಕ್ಕಡಿಯ ತಟ್ಟೆಯ ಕೆಳಗೆ ಒಂದಿಷ್ಟು ಮೇಣ ಅಂಟಿಸಿರುತ್ತಾರೆ. ಮೇಲಿನಿಂದ ಏನೂ ಕಾಣುವುದಿಲ್ಲ. ತಟ್ಟೆ ಒಂದು ಕೂದಲೆಳೆ ವಾಲಿರುತ್ತದೆ, ಕೊಳ್ಳುವವನಿಗೆ ಒಂದು ಹಿಡಿ ಕಡಿಮೆ. ಅಂಥ ತಕ್ಕಡಿ ರಿಪೇರಿಗೆ ಬಂದರೆ ಇವರು ಮೇಣವನ್ನು ಉಗುರಿನಿಂದ ಕಿತ್ತು ತಂದವನ ಅಂಗೈಯಲ್ಲೇ ಇಡುತ್ತಿದ್ದರು. "ನಿನ್ನ ಸಾಮಾನು ತಗೊಂಡು ಹೊರಡಪ್ಪ" ಅನ್ನುತ್ತಿದ್ದರು. ಮತ್ತೆ ಅವನ ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಮೀನಿನವನು ಆರು ವರ್ಷ ಬೇಡಿಕೊಂಡ. ಇವರು ಜಗ್ಗಲಿಲ್ಲ. ನಮ್ಮ ಮನೆಗೆ ಆರು ವರ್ಷ ಮೀನು ದೂರದ ಅಂಗಡಿಯಿಂದ ಬಂತು. ನಡೆದವಳು ನಾನು.

ಆಮೇಲೆ ಕರೆಂಟಿನ ತಕ್ಕಡಿ ಬಂದವು. ಅಂಕಿ ಬೆಳಗುತ್ತದೆ, ಮುಳ್ಳಿಲ್ಲ, ಕಲ್ಲಿಲ್ಲ. ಕೆಟ್ಟರೆ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಬದಲಾಯಿಸಬೇಕು, ಇಲ್ಲವೇ ಎಸೆದು ಹೊಸದು ತರಬೇಕು. ನಮ್ಮ ಅಂಗಡಿಗೆ ಬರುವವರು ಕಡಿಮೆಯಾದರು. ಹಳೆಯ ತಕ್ಕಡಿ ಬಿಡದ ಗಿರಾಕಿಗಳು, ಗೋದಾಮಿನವರು, ಇಬ್ಬರು ಅಕ್ಕಸಾಲಿಗರು ಉಳಿದರು. ಊಟಕ್ಕೆ ಸಾಕಾಗುತ್ತಿತ್ತು. ಅವರ ಕೈಗೆ ಮಾತ್ರ ಕೆಲಸ ಸಾಲುತ್ತಿರಲಿಲ್ಲ. ಸುಮ್ಮನೆ ಕುಳಿತು ನಟ್ಟುಗಳನ್ನು ಉಜ್ಜುತ್ತಿದ್ದರು.

ಒಂದು ಬೆಳಿಗ್ಗೆ ಕನ್ನಡಕದಣ್ಣ ಫೋನ್ ಹಿಡಿದು ರಸ್ತೆ ದಾಟಿ ಬಂದರು.

"ತಕ್ಕಡಿ, ಕೇಳಿಲ್ಲಿ. ಲೋಕದಲ್ಲೇ ದೊಡ್ಡ ಕಂಪನಿ ಯಾವುದು ಗೊತ್ತಾ? ಫೋನ್ ಕಂಪನಿ. ನಿನ್ನೆ ಚಿಪ್ಪಿನ ಕಂಪನೀನ ಹಿಂದೆ ಹಾಕ್ತು. ಮೂರು ಲಕ್ಷ ಕೋಟಿ ಡಾಲರ್!"

"ಯಾರು ತೂಗಿದ್ದು?"

"ತೂಗೋದೇನಯ್ಯಾ? ಒಂದು ಷೇರಿಗೆ ಇಷ್ಟು ಬೆಲೆ. ಇಷ್ಟು ಷೇರಿವೆ. ಗುಣಿಸಿದ್ರೆ ಬಂತು."

"ಬೆಲೆ ಇಟ್ಟಿದ್ದು ಯಾರು?"

"ಕೊಳ್ಳೋರು, ಮಾರೋರು."

"ನಾಳೆ ಅವರ ಮನಸ್ಸು ಬದಲಾದ್ರೆ?"

"ಕಂಪನಿ ಸಣ್ಣದಾಗುತ್ತೆ."

"ಅಲ್ಲಿ ಒಂದು ಇಟ್ಟಿಗೆ ಕೂಡ ಕದಲದೆ?"

"ಕದಲದೆ."

ನಮ್ಮವರು ನಕ್ಕ ನಗುವಿಗೆ ಬೇಕರಿ ಅಕ್ಕ ಹೊರಗೆ ಬಂದು ನೋಡಿದಳು.

"ಅದಕ್ಕೆ ತೂಕ ಅನ್ನಲ್ಲ ಕಣಯ್ಯ, ಅಂದಾಜು ಅಂತಾರೆ. ತಟ್ಟೆ ಮೇಲೆ ಬರಲಿ, ಆಗ ನಂಬ್ತೀನಿ."

"ಹಾಗಾದ್ರೆ ನೀನೇ ತಾ, ತಟ್ಟೆ ಮೇಲೆ!"

ತಂದರು. ಅಟ್ಟದ ಮೇಲೆ ನನ್ನ ಮಾವನವರ ಕಾಲದ ಒಂದು ತಕ್ಕಡಿ ಇತ್ತು. ನನ್ನ ತೋಳಿನಷ್ಟು ಉದ್ದದ ಅಡ್ಡ ಸಲಾಕೆ, ಎರಡು ಹಿತ್ತಾಳೆ ತಟ್ಟೆ, ನಡುವೆ ಮುಳ್ಳು. ಮೂರು ದಿನ ಹುಣಸೆಹಣ್ಣು, ಬೂದಿ ಹಾಕಿ ನನ್ನಿಂದ ತಿಕ್ಕಿಸಿದರು. ಅಂಗಡಿಯ ಮುಂದಿನ ತೊಲೆಗೆ ನೇತುಹಾಕಿದರು. ಎಡ ತಟ್ಟೆ ಚಿಪ್ಪಿನ ಕಂಪನಿಗೆ, ಬಲ ತಟ್ಟೆ ಫೋನ್ ಕಂಪನಿಗೆ. ಒಂದು ನಟ್ಟೆಂದರೆ ಹತ್ತು ಸಾವಿರ ಕೋಟಿ. ಒಂದು ವಾಷರೆಂದರೆ ಸಾವಿರ ಕೋಟಿ. ಹತ್ತು ವಾಷರು ಒಂದು ನಟ್ಟಿನ ತೂಕಕ್ಕೆ ಸರಿಯಾಗಿ ಬರಬೇಕೆಂದು ಒಂದೊಂದನ್ನೂ ಅರದಿಂದ ಉಜ್ಜಿ ಉಜ್ಜಿ ಕೂಡಿಸಿದರು. ವಾರ ಹಿಡಿಯಿತು. ಆ ವಾರ ಅವರು ಹಾಡಿಕೊಳ್ಳುತ್ತಿದ್ದರು. ಅವರಿಗೆ ಹಾಡು ಬರುವುದಿಲ್ಲ. ನಾನು ಸಹಿಸಿಕೊಂಡೆ.

ಆಗಿನಿಂದ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಕನ್ನಡಕದಣ್ಣ ತಮ್ಮ ಬಾಗಿಲಲ್ಲಿ ನಿಂತು ಫೋನ್ ನೋಡಿ ಕೂಗುತ್ತಿದ್ದರು: "ಚಿಪ್ಪು ಮೂವತ್ತು ನಟ್ಟು, ಎರಡು ವಾಷರ್! ಫೋನು ಮೂವತ್ತು ನಟ್ಟು, ಆರು ವಾಷರ್!" ಇವರು ಹೆಚ್ಚಿದ್ದು ಹಾಕಿ, ಕಡಿಮೆಯಾದದ್ದು ತೆಗೆಯುತ್ತಿದ್ದರು. ಬಸ್ಸಿಗೆ ಕಾಯುವವರು ಸುತ್ತ ನಿಲ್ಲುತ್ತಿದ್ದರು. ಮುಳ್ಳು ಅತ್ತ ಇತ್ತ ಆಡಿ ನಿಂತ ಮೇಲೆ ಒಂದು ಕಡೆಯವರಿಂದ ಕೂಗು. ಬೀದಿಯಲ್ಲಿ ಎರಡು ಪಕ್ಷವಾಯಿತು. ಸೋತ ಪಕ್ಷದ ಮುಖಂಡ ಬೇಕರಿಯಿಂದ ಟೀ ತರಬೇಕು, ಎಲ್ಲರೂ ಕುಡಿದ ಮೇಲೆ ಲೋಟ ತೊಳೆಯಬೇಕು. ಫೋನಿಗೆ ಮುಖಂಡ ಕನ್ನಡಕದಣ್ಣ. ಚಿಪ್ಪಿಗೆ ನಮ್ಮವರು. ಬೇಕರಿ ಅಕ್ಕ ಮಾತ್ರ ದಿನಾ ಗೆದ್ದವರ ಕಡೆ. ವಾರಕ್ಕೆರಡು ದಿನ ಷೇರು ಪೇಟೆಗೆ ರಜೆ. ಆ ದಿನ ಮುಳ್ಳು ಕದಲುತ್ತಿರಲಿಲ್ಲ, ಬೀದಿಗೆ ಬೇಜಾರು.

ನಮ್ಮ ಬೀದಿಯಲ್ಲಿ ಒಬ್ಬರ ಹತ್ತಿರವೂ ಆ ಕಂಪನಿಗಳ ಒಂದು ಷೇರೂ ಇರಲಿಲ್ಲ. ಆದರೂ ಸೋತವರಿಗೆ ಮಧ್ಯಾಹ್ನದವರೆಗೆ ಮುಖ ಸಪ್ಪಗಿರುತ್ತಿತ್ತು.

"ನಿಮಗೆ ಫೋನ್ ಕಂಪನಿ ಮೇಲೆ ಯಾಕಷ್ಟು ಪ್ರೀತಿ?" ಎಂದು ನಾನೊಮ್ಮೆ ಕನ್ನಡಕದಣ್ಣನನ್ನು ಕೇಳಿದೆ.

"ಅತ್ತಿಗೆ, ಆ ಫೋನ್ ನೋಡಿ ನೋಡಿ ಊರಿನವರ ಕಣ್ಣೆಲ್ಲ ಹೋಗ್ತಿದೆ. ನನಗೆ ಅನ್ನ ಹಾಕ್ತಿರೋದೇ ಅದು."

ಅದು ಸರಿ. ನಮ್ಮವರದೇ ತಲೆಬುಡ ಗೊತ್ತಾಗಲಿಲ್ಲ. ಕರೆಂಟಿನ ತಕ್ಕಡಿ ಬಂದು ಇವರ ಕೆಲಸ ತಿಂದದ್ದೇ ಚಿಪ್ಪಿನಿಂದ. ಅದರ ಕಡೆ ಯಾಕೆ?

"ಲೇ, ನನ್ನ ಹೊಟ್ಟೆ ಮೇಲೆ ಹೊಡೆದವನು ಯಾವನೋ ಪುಡಿ ಆಸಾಮಿ ಆಗಿದ್ರೆ ನನಗೆ ಅವಮಾನ ಅಲ್ವಾ? ಲೋಕಕ್ಕೇ ದೊಡ್ಡವನು ಆಗಿರಲಿ ಅಂತ."

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಅವರಿಗೆ ಹೊಟ್ಟೆ ನೋವು ಬಂದು ಆಪರೇಷನ್ ಆಯಿತು. ಮನೆಗೆ ತಂದು ಮಂಚದ ಮೇಲೆ ಮಲಗಿಸಿದೆ. ಎದ್ದು ಓಡಾಡಬಾರದು ಎಂದಿದ್ದರು ಡಾಕ್ಟರು. ಚೆನ್ನಾಗಿ ತಿನ್ನಿಸಿ ಎಂದಿದ್ದರು. ಇವರು ತಿನ್ನಲೊಲ್ಲರು. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಬಾಯಿಗೆ ಹಿಡಿದರೆ ಗೋಡೆಯ ಕಡೆ ತಿರುಗುತ್ತಿದ್ದರು. ಕೆನ್ನೆಯ ಮೂಳೆ ಕಾಣತೊಡಗಿತು. ನನಗೆ ಹೆದರಿಕೆಯಾಯಿತು.

ತಕ್ಕಡಿಯನ್ನು ನಾನೇ ನಡೆಸಬೇಕಾಯಿತು. ಕನ್ನಡಕದಣ್ಣ ಈಗ ಕೂಗುತ್ತಿರಲಿಲ್ಲ, ರೋಗಿ ಮಲಗಿದ್ದಾರೆ ಎಂದು ಬಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ನಿನ್ನೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ಲೆಕ್ಕ ನನಗೆ ಗೋಜಲು. ಅದಕ್ಕೆ ದಿನಾ ಎರಡೂ ತಟ್ಟೆ ಸುರಿದು, ಒಂದರಿಂದ ಎಣಿಸಿ ಹಾಕುತ್ತಿದ್ದೆ. ಹಿತ್ತಾಳೆಗೆ ನಟ್ಟು ಬಿದ್ದು ಟಣ್ ಟಣ್ ಎನ್ನುತ್ತಿತ್ತು. ಇವರು ಮಂಚದಿಂದ ಮುಳ್ಳನ್ನೇ ನೋಡುತ್ತಿದ್ದರು.

ಆ ದಿನಗಳಲ್ಲಿ ಎರಡೂ ಕಂಪನಿ ಸಮ ಸಮ. ಒಂದು ವಾಷರು ಅತ್ತ, ಒಂದು ವಾಷರು ಇತ್ತ. ಚಿಪ್ಪು ಮುಂದಿದ್ದ ದಿನ ಇವರು ಒಂದು ತುಂಡು ಬ್ರೆಡ್ಡು ತಿನ್ನುತ್ತಿದ್ದರು. ಇಲ್ಲದ ದಿನ ಇಲ್ಲ. ಮೂರು ದಿನ ನೋಡಿದೆ, ಇದು ಹೀಗೇ ಎಂದು ಖಾತ್ರಿಯಾಯಿತು. ನಾಲ್ಕನೆಯ ದಿನ ಕನ್ನಡಕದಣ್ಣ ಬಂದು, "ಇವತ್ತು ಪೂರಾ ಸಮ ಅತ್ತಿಗೆ. ಮೂವತ್ತೊಂದು, ಮೂವತ್ತೊಂದು" ಎಂದು ಹೇಳಿ ಹೋದರು.

ನಾನು ಅಡುಗೆಮನೆಗೆ ಹೋದೆ. ಮೇಣದಬತ್ತಿಯ ತುಂಡೊಂದಿತ್ತು. ಕಡಲೆಕಾಳಿನಷ್ಟು ಮುರಿದು, ಬೆರಳಲ್ಲಿ ಬಿಸಿ ಮಾಡಿ, ಮಂಚಕ್ಕೆ ಬೆನ್ನು ತಿರುಗಿಸಿ ನಿಂತು ಎಡ ತಟ್ಟೆಯ ಕೆಳಗೆ ಒತ್ತಿದೆ. ಯಾರ ಹೆಂಡತಿ ನಾನು, ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಒತ್ತಿದೆ. ಆಮೇಲೆ ಎರಡೂ ಕಡೆ ನಟ್ಟು ಎಣಿಸಿ ಹಾಕಿದೆ. ಚಿಪ್ಪಿನ ತಟ್ಟೆ ಒಂದು ಬೆರಳು ಇಳಿಯಿತು.

ಒಳಗೆ ಹೋದೆ. ಇವರು ಮುಳ್ಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಎಷ್ಟು ಮುಂದಿದೆ?"

"ನೋಡಿದ್ರಲ್ಲ."

"ನೋಡಿದೆ," ಅಂದರು. "ಬ್ರೆಡ್ ತಗೊಂಡ್ಬಾ."

ನಾಲ್ಕು ತುಂಡು ತಿಂದರು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ, ನಕ್ಕೆ. ಯಾವುದು ಮೊದಲು ಎಂದು ನೆನಪಿಲ್ಲ.

ಆಮೇಲೆ ಕನ್ನಡಕದಣ್ಣ ಬಂದು ತಕ್ಕಡಿ ನೋಡಿದರು. ಸಮ ಎಂದು ಹೇಳಿ ಹೋದವರು ಅವರೇ. ಅವರು ಫೋನ್ ನೋಡಿದರು, ಮುಳ್ಳು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಮುಳ್ಳು ನೋಡಿದರು.

"ಇದೇನತ್ತಿಗೆ? ಫೋನಲ್ಲಿ ಸಮ ಅಂತಿದೆ."

ನಾನು ಬಾಯಿ ಬಿಡುವ ಮೊದಲೇ ಬೇಕರಿ ಅಕ್ಕ ಅಂದಳು: "ತಕ್ಕಡಿಯಣ್ಣನ ತಕ್ಕಡಿ ತಪ್ಪು ಹೇಳುತ್ತೇನ್ರಿ? ನಿಮ್ಮ ಫೋನಿಗೆ ಇನ್ನೂ ಸುದ್ದಿ ಬಂದಿಲ್ಲ, ಅಷ್ಟೇ."

ಕನ್ನಡಕದಣ್ಣ ಫೋನ್ ಜೇಬಿಗಿಟ್ಟರು. "ಅದೂ ಸರಿಯೇ" ಅಂದರು. ಹೋಗಿ ಟೀ ತಂದರು. ಲೋಟ ತೊಳೆದರು. ಲೋಕವೆಲ್ಲ ನೋಡುವ ಅಂಕಿಗಿಂತ ನನ್ನ ಗಂಡನ ಮುಳ್ಳು ಅವರಿಗೆ ದೊಡ್ಡದಾಯಿತು. ನನಗೆ ನೆಲ ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಹೀಗೆ ಒಂಬತ್ತು ದಿನ. ಒಂಬತ್ತು ದಿನವೂ ಚಿಪ್ಪು ಗೆದ್ದಿತು. ಇವರು ತಿಂದರು, ಕೆನ್ನೆ ತುಂಬಿತು. ಹತ್ತನೆಯ ದಿನ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು ಕುಳಿತಿದ್ದರು. "ಇನ್ನು ಮೇಲೆ ನಾನು ನೋಡ್ಕೋತೀನಿ ಬಿಡು" ಅಂದರು.

ಈಗ ನನಗೆ ಬೇರೆ ತೊಂದರೆ. ಮೇಣ ತೆಗೆಯಬೇಕು. ತೆಗೆದರೆ ಮುಳ್ಳು ಸರಿಯುತ್ತದೆ, ಇವರಿಗೆ ಗೊತ್ತಾಗುತ್ತದೆ. ತೆಗೆಯದಿದ್ದರೆ ಕನ್ನಡಕದಣ್ಣ ಲೋಟ ತೊಳೆಯುತ್ತಲೇ ಇರಬೇಕು. ಆ ಬೇಸಿಗೆಯಲ್ಲಿ ಚಿಪ್ಪು ಮುಂದೇ ಇತ್ತು. ಅದು ಕಂಪನಿಯ ಬಲವೋ ನನ್ನ ಮೇಣದ ಬಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎಂಟಾದರೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ, ಅಂಕಿ ಕಿವಿಗೆ ಬೀಳದಿರಲಿ ಎಂದು. ಅಪರೂಪಕ್ಕೆ ಫೋನ್ ಕಂಪನಿ ಗೆದ್ದು ನನ್ನ ಗಂಡ ಲೋಟ ತೊಳೆಯಲು ಕುಳಿತರೆ ಮಾತ್ರ ನನಗೆ ಸಂತೋಷ.

"ನಾನು ಸೋತ್ರೆ ಹಲ್ಲು ಬಿಡ್ತೀಯಲ್ಲೇ, ಯಾವ ಪಕ್ಷದವಳು ನೀನು?" ಎಂದು ಕೇಳುತ್ತಿದ್ದರು.

ನಾಲ್ಕು ತಿಂಗಳಾಯಿತು. ವರ್ಷಕ್ಕೊಮ್ಮೆ ತೂಕ ಅಳತೆ ಆಫೀಸಿನಿಂದ ಇನ್ಸ್‌ಪೆಕ್ಟರ್ ಬರುತ್ತಾರೆ. ರಿಪೇರಿಯಾದ ತಕ್ಕಡಿ ನೋಡಿ ಸೀಸದ ಬಿಲ್ಲೆಯ ಮೇಲೆ ಮುದ್ರೆ ಒತ್ತುತ್ತಾರೆ, ಇವರ ಲೈಸೆನ್ಸಿಗೆ ಸಹಿ ಹಾಕುತ್ತಾರೆ. ಆ ಸಹಿ ಇಲ್ಲದೆ ಇವರು ತಕ್ಕಡಿ ಮುಟ್ಟುವಂತಿಲ್ಲ. ಆ ವರ್ಷ ಹೊಸಬರು ಬಂದರು. ಚಿಕ್ಕ ವಯಸ್ಸಿನ ಮೇಡಂ. ಮರದ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನಲ್ಲಿ ಕೂರಿಸಿದ ಹಿತ್ತಾಳೆ ತೂಕಗಳು. ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಚಿಮಟದಲ್ಲಿ ಎತ್ತುತ್ತಿದ್ದರು. ನಮ್ಮವರ ಕಣ್ಣು ಹೊಳೆಯಿತು. ಅಂಥ ಕೈ ನೋಡಿ ಎಷ್ಟೋ ದಿನವಾಗಿತ್ತು.

ಒಳಗಿನ ತಕ್ಕಡಿಗಳೆಲ್ಲ ಸರಿಯಿದ್ದವು. ಮೇಡಂ ಸಹಿ ಹಾಕಲು ಪೆನ್ನು ತೆಗೆದರು. ತಲೆ ಎತ್ತಿ ತೊಲೆಗೆ ನೇತುಹಾಕಿದ ತಕ್ಕಡಿ ನೋಡಿದರು.

"ಇದಕ್ಕೆ ಮುದ್ರೆ ಎಲ್ಲಿ?"

"ಅದಕ್ಕೆ ಬೇಡ ಮೇಡಂ," ನಮ್ಮವರು ಅಂದರು.

"ಏನು ತೂಗ್ತೀರಿ ಇದರಲ್ಲಿ?"

"ಕಂಪನಿಗಳನ್ನ."

ಮೇಡಂ ಇವರ ಮುಖ ನೋಡಿದರು. ಅಷ್ಟರಲ್ಲಿ ಜನ ಸೇರಿದ್ದರು. ಕನ್ನಡಕದಣ್ಣ ಮುಂದೆ ಬಂದು ಎಲ್ಲ ವಿವರಿಸಿದರು. ನಟ್ಟೆಷ್ಟು, ವಾಷರೆಷ್ಟು, ಲಕ್ಷ ಕೋಟಿ ಎಷ್ಟು. ವಿವರಿಸುವ ಖುಷಿಯಲ್ಲಿ ಬೇಡದ ಮಾತೂ ಆಡಿಬಿಟ್ಟರು: "ಇದರ ತೂಕ ನೋಡ್ಕೊಂಡೇ ಮೇಡಂ, ಯಾರು ಟೀ ಕೊಡಿಸಬೇಕು ಅಂತ ತೀರ್ಮಾನ."

"ಓ," ಅಂದರು ಮೇಡಂ. "ತೂಕ ನೋಡಿ ಕೊಡೋದು, ತಗೊಳ್ಳೋದು ಇದೆ ಅಂತಾಯ್ತು. ಹಾಗಿದ್ರೆ ಇದು ವ್ಯವಹಾರದ ತಕ್ಕಡಿ. ಮುದ್ರೆ ಇಲ್ಲ. ಮೂವತ್ತು ವರ್ಷದ ಲೈಸೆನ್ಸ್ ನಿಮ್ದು, ಇದನ್ನ ನಾನು ಹೇಳಿಕೊಡಬೇಕಾ?"

ಮೇಡಂ ಸಹಿ ಹಾಕದೆ ಪೆನ್ನು ಮುಚ್ಚಿದರು.

"ಪರೀಕ್ಷೆ ಮಾಡ್ತೀನಿ. ಸರಿಯಿದ್ರೆ ಸರಿ. ಒಂದು ಎಳೆ ವಾಲಿದ್ರೂ ತಕ್ಕಡಿ ನಾನು ತಗೊಂಡ್ಹೋಗ್ತೀನಿ. ಲೈಸೆನ್ಸಿನ ಮೇಲೆ ಕಾರಣ ಬರೀತೀನಿ. ತಟ್ಟೆ ಖಾಲಿ ಮಾಡಿ."

ಮೂವತ್ತು ವರ್ಷ ಪರರ ತಟ್ಟೆಯ ಮೇಣ ಕಿತ್ತವರು. ಅವರದೇ ತಟ್ಟೆಯ ಕೆಳಗೆ ಮೇಣ, ಇಡೀ ಬೀದಿಯ ಎದುರು. ಲೈಸೆನ್ಸ್ ಹೋದರೆ ಬೇರೆ ಕೆಲಸ ಹುಡುಕಬಹುದು. ಹೆಸರು ಹೋದರೆ ಅವರು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ನುಗ್ಗಿ ಮುಂದೆ ಬಂದೆ.

"ಮೇಡಂ, ಅದು ವಾಲುತ್ತೆ. ಮೇಣ ಅಂಟಿಸಿರೋದು ನಾನು. ಇವರಿಗೇನೂ ಗೊತ್ತಿಲ್ಲ. ಬರೆಯೋದಿದ್ರೆ ನನ್ನ ಹೆಸರು ಬರೀರಿ."

"ಲೇ, ಸುಮ್ನಿರೇ," ಅಂದರು ಇವರು.

"ಸುಮ್ನಿರಲ್ಲ. ಕನ್ನಡಕದಣ್ಣ, ನಿಮ್ಮ ಕೈಲಿ ನಾಲ್ಕು ತಿಂಗಳು ಲೋಟ ತೊಳೆಸಿದ್ದು ನಾನು. ಇವರು ಮಲಗಿದ್ರು, ಅನ್ನ ನೀರು ಬಿಟ್ಟಿದ್ರು. ಚಿಪ್ಪು ಮುಂದಿದ್ರೆ ಎರಡು ತುತ್ತು ತಿಂತಿದ್ರು. ಅದಕ್ಕೆ ಮಾಡಿದೆ."

ಕನ್ನಡಕದಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಡಂ ತಾವೇ ನಟ್ಟುಗಳನ್ನೆಲ್ಲ ತೆಗೆದು ಬೆಂಚಿನ ಮೇಲಿಟ್ಟರು. ತಟ್ಟೆ ಖಾಲಿಯಾದವು. ಮುಳ್ಳು ಅತ್ತ ಹೋಯಿತು, ಇತ್ತ ಬಂತು, ಅತ್ತ ಹೋಯಿತು. ನಿಂತಿತು.

ನಟ್ಟನಡುವೆ ನಿಂತಿತು.

ಮೇಡಂ ಬಗ್ಗಿ ನೋಡಿದರು. ತಮ್ಮ ಪೆಟ್ಟಿಗೆಯಿಂದ ಎರಡು ಸಮ ತೂಕ ತೆಗೆದು ಎರಡೂ ಕಡೆ ಇಟ್ಟರು. ನಡುವೆ. ಅದಲು ಬದಲು ಮಾಡಿದರು. ನಡುವೆ.

"ಕೂದಲೆಳೆ ಕೂಡ ವಾಲಿಲ್ಲ," ಅಂದರು. ನನ್ನ ಕಡೆ ತಿರುಗಿದರು. "ಮೇಣ ಎಲ್ಲಮ್ಮಾ?"

"ಎಡಗಡೆ. ಕೆಳಗೆ."

ಎಡ ತಟ್ಟೆ ಎತ್ತಿ ನೋಡಿದರು. ಮೇಣ ಇತ್ತು. ಬಲ ತಟ್ಟೆ ಎತ್ತಿ ನೋಡಿದರು. ಅಲ್ಲೂ ಮೇಣ ಇತ್ತು. ಕಡಲೆಕಾಳಿನಷ್ಟೇ.

"ಎರಡು ಕಡೆ ಅಂಟಿಸಿದ್ರಾ?"

"ಇಲ್ಲ ಮೇಡಂ, ಒಂದೇ ಕಡೆ!"

ಆಗ ಇವರು ಕೆಮ್ಮಿದರು. ಕಿವಿ ಕೆಂಪಗಾಗಿತ್ತು, ಗೋದಾಮಿನಲ್ಲಿ ಆದ ಹಾಗೆಯೇ.

"ಇನ್ನೊಂದು ನಾನು ಅಂಟಿಸಿದ್ದು."

"ನಿಮಗೆ ಗೊತ್ತಿತ್ತಾ?" ಅಂದೆ. "ಯಾವತ್ತು ಗೊತ್ತಾಯ್ತು?"

"ಮೊದಲನೇ ದಿನಾನೇ. ನೀನು ನಟ್ಟು ಹಾಕೋ ಶಬ್ದ ಮಲಗಿದಲ್ಲೇ ಎಣಿಸ್ತಿದ್ದೆ. ಎಡಕ್ಕೆ ಮೂವತ್ತೊಂದು ಟಣ್, ಬಲಕ್ಕೆ ಮೂವತ್ತೊಂದು ಟಣ್. ಸಮ ಹಾಕಿದ ತಕ್ಕಡಿ ಒಂದು ಬೆರಳು ಇಳಿಯುತ್ತೇನೇ? ನಾನು ಯಾರು ಅಂದ್ಕೊಂಡಿದೀಯ?"

"ಗೊತ್ತಿದ್ದೂ ಬ್ರೆಡ್ ತಿಂದ್ರಾ?"

"ನನಗೋಸ್ಕರ ನೀನು ಕಳ್ಳತನಕ್ಕೂ ಇಳಿದೆ ಅಂತ ಗೊತ್ತಾಯ್ತಲ್ಲ. ಹಸಿವಾಯ್ತು."

ಬೇಕರಿ ಅಕ್ಕ ಅಳತೊಡಗಿದಳು. ಅವಳಿಗೆ ಅದೊಂದು ರೋಗ.

ಮೇಡಂ ಪೆನ್ನಿನ ತುದಿ ಕಚ್ಚಿಕೊಂಡು ನಿಂತಿದ್ದರು. ನಗು ತಡೆಯುತ್ತಿದ್ದರೋ ಏನೋ. "ಕಿತ್ತು ಹಾಕಬಹುದಿತ್ತಲ್ಲ?" ಎಂದು ಇವರನ್ನು ಕೇಳಿದರು.

"ಕೀಳೋಕೆ ಮನಸ್ಸು ಬರಲಿಲ್ಲ ಮೇಡಂ. ತಕ್ಕಡಿ ಸುಳ್ಳು ಹೇಳೋದಕ್ಕೂ ಬಿಡೋ ಹಾಗಿಲ್ಲ. ಅದಕ್ಕೆ ಎದ್ದ ದಿನಾನೇ, ಇವಳು ಹಾಲಿಗೆ ಹೋದಾಗ, ಇನ್ನೊಂದು ಕಡೆ ಅಷ್ಟೇ ಅಂಟಿಸಿಬಿಟ್ಟೆ."

"ಹಾಗಾದ್ರೆ," ಕನ್ನಡಕದಣ್ಣನಿಗೆ ಆಗ ಮಾತು ಬಂತು, "ನೀನೆದ್ದ ಮೇಲೆ ನಾನು ಸೋತಿದ್ದೆಲ್ಲ ನಿಜವಾದ ಸೋಲೇನಾ?"

"ಅಪ್ಪಟ ಸೋಲು."

"ಅದಕ್ಕೆ ಮೊದಲಿನ ಒಂಬತ್ತು ದಿನ?"

"ಅದು ಮೋಸ. ಒಪ್ಕೊಂಡೆ."

"ಒಂಬತ್ತು ದಿನ ಟೀ! ಒಂಬತ್ತು ದಿನ ಲೋಟ! ಗಂಡ ಹೆಂಡತಿ ಇಬ್ಬರೂ ಕೂತು ತೊಳೀಬೇಕು!" ಎಂದು ಕನ್ನಡಕದಣ್ಣ ಕುಣಿದಾಡಿದರು. ಸೋತ ದಿನವೆಲ್ಲ ಮರೆತೇಹೋಗಿತ್ತು ಆ ಮನುಷ್ಯನಿಗೆ.

"ಸದ್ದು!" ಅಂದರು ಮೇಡಂ. "ತಕ್ಕಡಿ ಸರಿಯಿದೆ. ಆದ್ರೆ ಮೇಣ ಹಚ್ಚಿ ಸಮ ಮಾಡೋದನ್ನ ಇಲಾಖೆ ಒಪ್ಪಲ್ಲ. ಎರಡೂ ತೆಗೀರಿ, ಮುದ್ರೆ ಒತ್ತುತ್ತೀನಿ."

ನಮ್ಮವರು ತಲೆ ಅಲ್ಲಾಡಿಸಿದರು. ಇನ್ಸ್‌ಪೆಕ್ಟರ್ ಮಾತಿಗೆ ಅವರು ಇಲ್ಲ ಅಂದದ್ದು ಅದೇ ಮೊದಲು.

"ಇದಕ್ಕೆ ಮುದ್ರೆ ಬೇಡ ಮೇಡಂ. ಮೇಣ ಇರಲಿ."

ಮೇಡಂ ಲೈಸೆನ್ಸನ್ನು ಹತ್ತಿರ ಎಳೆದುಕೊಂಡರು. "ಹಾಗಿದ್ರೆ ಟೀಗೂ ತಕ್ಕಡಿಗೂ ಸಂಬಂಧ ಇಲ್ಲ ಅಂತ ನಾನು ತಿಳ್ಕೋತೀನಿ. ಒಂದು ಬೋರ್ಡ್ ಹಾಕಿ, ಇದು ವ್ಯಾಪಾರಕ್ಕಲ್ಲ ಅಂತ." ಲೈಸೆನ್ಸಿಗೆ ಸಹಿ ಹಾಕಿದರು. ಪೆಟ್ಟಿಗೆ ಮುಚ್ಚಿ ಮೆಟ್ಟಿಲಿಳಿದು, ತಿರುಗಿ ನಿಂತು ಕೇಳಿದರು: "ಇವತ್ತು ಯಾವುದು ಮುಂದಿತ್ತು?"

"ಚಿಪ್ಪು ಮೇಡಂ. ಎರಡು ವಾಷರ್."

"ಛೆ," ಅಂದರು ಮೇಡಂ. ಬೀದಿಯೆಲ್ಲ ಹೋ ಎಂದಿತು. 

ಒಂಬತ್ತು ದಿನ ನಾವಿಬ್ಬರೂ ಬೇಕರಿಯ ಹಿಂದಿನ ನಲ್ಲಿಯಲ್ಲಿ ಲೋಟ ತೊಳೆದೆವು. ಅವರು ಸೋಪು ಹಚ್ಚುವುದು, ನಾನು ನೀರು ಹಾಕುವುದು. ಕನ್ನಡಕದಣ್ಣ ಕುರ್ಚಿ ಹಾಕಿಕೊಂಡು ಕುಳಿತು, "ಅದರಲ್ಲಿ ಸೋಪು ಉಳೀತು, ಇದರಲ್ಲಿ ಕಲೆ ಉಳೀತು" ಎಂದು ತಪ್ಪು ಹುಡುಕುತ್ತಿದ್ದರು. ನನ್ನ ಗಂಡ ಒದ್ದೆ ಕೈಯಲ್ಲಿ ಅವರ ಕನ್ನಡಕಕ್ಕೆ ನೀರು ಚಿಮುಕಿಸುತ್ತಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು. ಒಂಬತ್ತನೆಯ ದಿನ ಮುಗಿದಾಗ ನನಗೇ ಬೇಜಾರಾಯಿತು.

ಅದಾದ ಮೇಲೆ ಅವರು ಮೂರು ವರ್ಷ ಇದ್ದರು. ಒಳ್ಳೆಯ ಮೂರು ವರ್ಷ. ಹೋದದ್ದು ಬೆಳಿಗ್ಗೆ, ಬೆಂಚಿನ ಮೇಲೆ, ಅರ ಹಿಡಿದುಕೊಂಡು. ಆ ದಿನ ಯಾವ ಕಂಪನಿ ಮುಂದಿತ್ತೋ ನನಗೆ ಗೊತ್ತಿಲ್ಲ. ಕನ್ನಡಕದಣ್ಣನಿಗೂ ಗೊತ್ತಿಲ್ಲ. ಆ ದಿನ ಅವರು ಫೋನ್ ನೋಡಲಿಲ್ಲ.

ಹನ್ನೆರಡು ದಿನ ತಕ್ಕಡಿ ಹಾಗೇ ನಿಂತಿತ್ತು. ಹದಿಮೂರನೆಯ ದಿನ ಎಂಟಕ್ಕೆ ಎದುರಿನ ಬಾಗಿಲಿನಿಂದ ಕೂಗು ಕೇಳಿತು. ಸ್ವರ ಒಡೆದಿತ್ತು. "ಅತ್ತಿಗೇ! ಚಿಪ್ಪು ಮೂವತ್ತೆಂಟು ನಟ್ಟು, ನಾಲ್ಕು ವಾಷರ್! ಬರ್ತೀರಾ, ಇಲ್ವಾ?" ನಾನು ಬಂದೆ. ಎರಡೂ ತಟ್ಟೆ ಸುರಿದು, ಒಂದರಿಂದ ಎಣಿಸಿದೆ. ಈಗಲೂ ಹಾಗೇ ಮಾಡುತ್ತೇನೆ. ಚಿಪ್ಪಿನ ಪಕ್ಷಕ್ಕೆ ನಾನೇ ಮುಖಂಡಳು.

ಹೋದ ತಿಂಗಳು ಹೊಸ ಗಲಾಟೆ. ಎಲ್ಲಿಂದಲೋ ಮೂರನೆಯ ಕಂಪನಿಯೊಂದು ಬಂದು ಇವೆರಡನ್ನೂ ಹಿಂದೆ ಹಾಕಿದೆಯಂತೆ. ಕನ್ನಡಕದಣ್ಣ ತಲೆ ಮೇಲೆ ಕೈ ಹೊತ್ತುಕೊಂಡು ಬಂದರು.

"ಅತ್ತಿಗೆ, ತಟ್ಟೆ ಎರಡೇ ಇದೆ. ಇದನ್ನೆಲ್ಲಿ ಕೂರಿಸೋದು?"

"ಅದು ಬಸ್ಸಿಗೆ ಕಾಯೋರ ಜೊತೆ ನಿಂತು ನೋಡ್ಲಿ," ಅಂದೆ.

ಅವರು ನಕ್ಕರು. ಆ ದಿನ ಸೋತದ್ದು ಅವರ ಪಕ್ಷ. ಟೀ ತಂದುಕೊಟ್ಟು, ಬಗ್ಗಿ ತಟ್ಟೆಗಳ ಕೆಳಗೆ ಇಣುಕಿದರು. ಸೋತ ದಿನವೆಲ್ಲ ಹಾಗೆ ಇಣುಕುತ್ತಾರೆ.

"ಎರಡು ಇದೆಯಾ?" ಎಂದು ಕೇಳಿದೆ.

"ಎರಡೇ ಇದೆ," ಎಂದು ಲೋಟ ಎತ್ತಿಕೊಂಡು ತೊಳೆಯಲು ಹೋದರು.

ಬಲ ತಟ್ಟೆಯ ಕೆಳಗಿನ ಮೇಣದ ಮೇಲೆ ನನ್ನ ಗಂಡನ ಹೆಬ್ಬೆರಳಿನ ಗೆರೆಗಳಿವೆ. ಬಿಸಿಲು ಅಷ್ಟು ದೂರ ಬರದ ಹಾಗೆ ಒಂದು ಚಾಪೆ ಇಳಿಬಿಟ್ಟಿದ್ದೇನೆ. ವಾರಕ್ಕೊಮ್ಮೆ ಹಿತ್ತಾಳೆ ತಿಕ್ಕುತ್ತೇನೆ, ಮೇಲ್ಭಾಗ ಮಾತ್ರ.